ಹಜ್ ಹಡಗಿನ ಚೌಕಾಸಿ

ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷವಾಗಿತ್ತು. ಭಾಲ್ಕಿಯಿಂದ ಯಾರೇ ಹಜ್‌ಗೆ ಹೊರಟರೂ ಹಡಗಿನ ಟಿಕೆಟಿನ ಚೌಕಾಸಿಗೆ ನಮ್ಮ ಪಕ್ಕದ ಮನೆಯ ಚಾಚಾರನ್ನು ಜೊತೆಗೆ ಬೀದರಿಗೆ ಕರೆದೊಯ್ಯುತ್ತಿದ್ದರು. ಅಲ್ಲಿನ ಟಿಕೆಟ್ ಏಜೆಂಟ್ ಬೆಲೆ ಹೇಳಿದರೆ ಸಾಕು, "ಸಮುದ್ರ ನಿಮ್ಮಪ್ಪಂದೇನ್ರಿ?" ಎಂದು ಚಾಚಾ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಹೆಚ್ಚಿನ ಸಲ ಏಜೆಂಟ್ ಕೂಗಿ ಕರೆದು ಬೆಲೆ ಇಳಿಸುತ್ತಿದ್ದ.

ಒಮ್ಮೆ ಹಜ್‌ಗೆ ಹೊರಟಿದ್ದ ನಮ್ಮ ಓಣಿಯ ಮುದುಕಿ ಖಾಲಾ ಜೊತೆ ನಾನೂ ಹೋಗಿದ್ದೆ. ಚಾಚಾ ಬಾಗಿಲು ದಾಟಿದರೂ ಏಜೆಂಟ್ ಕರೆಯಲಿಲ್ಲ. ಖಾಲಾ ಕುರ್ಚಿ ಬಿಟ್ಟು ಏಳಲೂ ಇಲ್ಲ.

"ಹೋದ ವರ್ಷನೂ ಹಿಂಗ ಎಬ್ಬಿಸ್ಕೊಂಡು ಹೋದಿ ಬೇಟಾ. ಹಡಗ ಹೋತು, ನಾ ಉಳದೆ. ಈ ಸಲ ಬೇಕಾದ್ರ ನೀ ಹೋಗು, ನಾ ಇಲ್ಲೇ ಕುಂಡ್ರತೀನಿ."

ಚಾಚಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೇಳಿದ ಬೆಲೆಯನ್ನೇ ಕೊಟ್ಟು, ಟಿಕೆಟನ್ನು ಖಾಲಾ ಕೈಗಿಟ್ಟು, ಏಜೆಂಟನ ಕಡೆ ತಿರುಗಿದರು.

"ಒಂದು ಚಹಾ ಆದ್ರೂ ತರಸ್ರಿ ಸಾಹೇಬರ. ಖಾಲಾ ಭಾಳ ದೂರ ಹೊಂಟಾರ."