ರೋರಿಯ ಮೂರು ಬಿರಡೆ

ಬ್ಯಾಂಡಿನ ವರ್ಷದ ಪತ್ರಿಕೆಗೆ ರೋರಿಯ ಬಗ್ಗೆ ನಾಲ್ಕು ಸಾಲು ಬರೆದುಕೊಡು ಎಂದು ನೀಲ್ ಸ್ಟ್ರಾಚನ್ ಕೇಳಿದ. ನೀಲ್ ಬೇಕರಿಯವನು, ನಮ್ಮ ಇನ್ವರ್‌ಡಾಲ್ ಬ್ಯಾಗ್‌ಪೈಪ್ ಬ್ಯಾಂಡಿನ ಮುಖ್ಯಸ್ಥ. "ಒಳ್ಳೇದು ಬರಿ ಇಷ್ಬೆಲ್. ಬಿರಡೆ ವಿಷ್ಯ ಮಾತ್ರ ಬೇಡ," ಎಂದ. ಬಿರಡೆ ಬಿಟ್ಟರೆ ರೋರಿಯ ಬಗ್ಗೆ ಅರ್ಧ ಬಿಟ್ಟ ಹಾಗೆ. ಬರೆಯುತ್ತೇನೆ.

ರೋರಿ ಲೆಕ್ಕಿ ನನ್ನ ಗಂಡ. ಹೋದ ವರ್ಷ ಫೆಬ್ರುವರಿಯಲ್ಲಿ ತೀರಿಕೊಂಡ. ಮೂವತ್ತೊಂದು ವರ್ಷ ಚಳಿಗಾಲದಲ್ಲಿ, ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುವ ಲಾರಿ ಓಡಿಸಿದ. ಬೇಸಿಗೆಯಲ್ಲಿ ಅದೇ ರಸ್ತೆಯ ಗುಂಡಿ ಮುಚ್ಚಿದ. ಕುಳ್ಳ, ಬಿಳಿ ಮೀಸೆ, ಮಾತು ಕಡಿಮೆ. ಹಿಮ ಬೀಳುವುದನ್ನು ಕಾಯುತ್ತ ಲಾರಿಯಲ್ಲೇ ಕೂತು, ಸಾಧನೆಗೆಂದು ಇಟ್ಟುಕೊಂಡ ಸಣ್ಣ ಕೊಳವೆ ಊದುತ್ತಿದ್ದ. "ರೋರಿ ಹಾಡು ಮುಗಿಸೋ ತನಕ ನಮ್ಮ ಇಳಿಜಾರಿಗೆ ಉಪ್ಪಿಲ್ಲ," ಎಂದು ಹಾಲಿನ ವ್ಯಾನಿನವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದು ಸುಳ್ಳೇನಲ್ಲ.

ಮನೆಯಲ್ಲಿ ಕೈಗೆ ಕೊಳವೆ ಸಿಗದಿದ್ದರೆ ನನ್ನ ತೋಳು ಸಿಗುತ್ತಿತ್ತು. ಟಿವಿ ನೋಡುವಾಗ ನನ್ನ ಮೊಣಕೈ ಕೆಳಗೆ ಎಂಟು ಬೆರಳು ಇಟ್ಟು ನುಡಿಸುತ್ತ ಕೂರುತ್ತಿದ್ದ. ಮೊದಮೊದಲು ಕೈ ಎಳೆದುಕೊಳ್ಳುತ್ತಿದ್ದೆ. ಆಮೇಲೆ ಬಿಟ್ಟೆ. ನಲವತ್ನಾಲ್ಕು ವರ್ಷ. ಯಾವ ಹಾಡಿನ ಹೆಸರೂ ನನಗೆ ಗೊತ್ತಿಲ್ಲ. ತೋಳಿಗೆ ಗೊತ್ತು.

ಬ್ಯಾಗ್‌ಪೈಪ್ ಎಂದರೆ ಉಸಿರು ತುಂಬುವ ಚೀಲ, ಕಂಕುಳಲ್ಲಿ ಅಮುಕಿದರೆ ಅದಕ್ಕೆ ಸಿಕ್ಕಿಸಿದ ಕೊಳವೆಗಳು ನುಡಿಯುತ್ತವೆ. ಅವನದು ಕುರಿ ಚರ್ಮದ ಹಳೆಯ ಚೀಲ. ಈಗ ಬ್ಯಾಂಡಿನಲ್ಲಿ ಮಿಕ್ಕವರೆಲ್ಲ ಬಟ್ಟೆಯಂಥದೊಂದು ಹೊಸ ಚೀಲಕ್ಕೆ ಹೋಗಿದ್ದಾರೆ. "ಅದು ಮಳೆ ಕೋಟು, ಚೀಲ ಅಲ್ಲ," ಎನ್ನುತ್ತಿದ್ದ ರೋರಿ. ಆದರೆ ಚರ್ಮದ್ದಕ್ಕೆ ವಾರಕ್ಕೆ ಎರಡು ಸಲವಾದರೂ ಉಸಿರು ಬೀಳಬೇಕು. ಇಲ್ಲವೆಂದರೆ ಒಣಗಿ, ಮಡಿಕೆಯಲ್ಲಿ ಸೀಳುತ್ತದೆ.

ಅವನು ಹೋದ ಮೂರನೆಯ ವಾರ ಪೆಟ್ಟಿಗೆ ತೆಗೆದೆ. ಕೊಡುವುದಕ್ಕೆ ಮನಸ್ಸಿರಲಿಲ್ಲ, ಒಣಗಿಸುವುದಕ್ಕೂ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು ಚೀಲ ಕಂಕುಳಿಗೆ ಸೇರಿಸಿ ಊದಿದೆ. ಚೀಲ ತುಂಬಿತು, ಅಮುಕಿದೆ. ಸದ್ದೇ ಇಲ್ಲ. ಟಿಬ್, ನಮ್ಮ ನಾಯಿ, ಪೈಪ್ ಕಂಡರೆ ಓಡುವುದು, ಅದೂ ಮಲಗಿದಲ್ಲಿಂದ ಏಳಲಿಲ್ಲ. ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಹೆಗಲ ಮೇಲೆ ನಿಲ್ಲುವ ಮೂರು ಶ್ರುತಿ ಕೊಳವೆಗಳ ಬುಡಕ್ಕೂ ಒಂದೊಂದು ಬಿರಡೆ ಜಡಿದಿತ್ತು. ಬೆರಳಾಡಿಸುವ ಕೊಳವೆಯ ನಾಲಗೆಗೆ ದಾರ ಬಿಗಿದು ಬಾಯಿ ಕಟ್ಟಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಆಗ ನೆನಪಾಯಿತು. ಇವರ ಶ್ವಾಸಕೋಶ ಅರ್ಧ ಹೋಗಿ ಎರಡು ವರ್ಷವಾಗಿರಬೇಕು ಎಂದಿದ್ದರು. ಸಾಧ್ಯವಿಲ್ಲ, ಹೋದ ಜುಲೈಯಲ್ಲೂ ಬ್ಯಾಂಡಿನಲ್ಲಿ ಊದಿದ್ದಾನೆ ಎಂದು ನಾನು ಜಗಳಕ್ಕೆ ನಿಂತಿದ್ದೆ.

ಬಿರಡೆ ಮೂರನ್ನೂ ಜೇಬಿಗೆ ಹಾಕಿಕೊಂಡು ಮೊರಾಗ್ ಬೆಯರ್ಡ್ ಹತ್ತಿರ ಹೋದೆ. ಅವಳದು ಮಾಂಸದ ಅಂಗಡಿ. ಬ್ಯಾಂಡಿನಲ್ಲಿ ರೋರಿಯ ಪಕ್ಕ ನಿಲ್ಲುವವಳು. ಬಿರಡೆ ನೋಡಿ ಕತ್ತಿ ಕೆಳಗಿಟ್ಟಳು.

"ನಿಂಗೆ ಈಗ ಗೊತ್ತಾಯ್ತಾ?"

"ನಿಂಗೆ ಯಾವಾಗ ಗೊತ್ತಾಯ್ತು?"

"ಪಕ್ಕದಲ್ಲಿ ನಿಂತೋಳಿಗೆ ಕಿವಿ ಇರಲ್ವೇನೇ? ಎರಡು ವರ್ಷದಿಂದ ನನ್ನ ಎಡಗಿವಿಗೆ ರಜ. ಯಾರಿಗೂ ಹೇಳಿಲ್ಲ, ನೀಲ್‌ಗೆ ಗೊತ್ತಾದ್ರೆ ಕಳಿಸಿಬಿಡ್ತಾನೆ ಅಂತ."

ನೀಲ್ ಹತ್ತಿರ ಹೋದೆ. ಅವನು ಹಿಟ್ಟಿನ ಕೈಯಲ್ಲೇ ಬಾಗಿಲು ಹಾಕಿದ. "ಮೊರಾಗ್‌ಗೆ ಹೇಳ್ಬೇಡ ಕಣಮ್ಮ. ಅವಳ ಬಾಯಿ ಗೊತ್ತಲ್ಲ."

ಹೀಗೆ ಬ್ಯಾಂಡಿನಲ್ಲಿ ಊದುವ ಮಿಕ್ಕ ಐವರಿಗೂ ಗೊತ್ತಿತ್ತು. ಪ್ರತಿಯೊಬ್ಬರೂ ತಮಗೊಬ್ಬರಿಗೇ ಗೊತ್ತು ಎಂದುಕೊಂಡಿದ್ದರು. ಪ್ರತಿ ಜುಲೈಯ ಸ್ಪರ್ಧೆಯಲ್ಲಿ ವೃತ್ತವಾಗಿ ನಿಂತು ಊದುವವರು ಆರು ಜನ ಇರಲೇಬೇಕು. ನಮ್ಮಲ್ಲಿ ಇದ್ದವರೇ ಆರು. ರೋರಿ ಹೊರಬಿದ್ದರೆ ಬ್ಯಾಂಡ್ ಇಲ್ಲ. ಅದಕ್ಕೆ ಕೆನ್ನೆ ಉಬ್ಬಿಸಿ, ಬೆರಳು ಆಡಿಸಿ, ಸದ್ದಿಲ್ಲದೆ ನಿಂತ. ತೀರ್ಪುಗಾರನೊಬ್ಬ ಚೀಟಿಯಲ್ಲಿ ಬರೆದಿದ್ದ, ಬಿಳಿ ಮೀಸೆಯವರ ಬೆರಳು ಬಹಳ ಶುದ್ಧ ಎಂದು. ಆ ಚೀಟಿಗೆ ರೋರಿ ಚೌಕಟ್ಟು ಹಾಕಿಸಿದ್ದ. ಅದನ್ನು ಗೋಡೆಗೆ ತೂಗುಹಾಕುತ್ತ ಯಾಕೆ ನಕ್ಕನೆಂದು ಆಗ ನನಗೆ ತಿಳಿಯಲಿಲ್ಲ.

ಮೋಸ ಎನ್ನುವವರಿರಬಹುದು. ಇರಲಿ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಬ್ಯಾಂಡಿಗೆಲ್ಲ ಗೊತ್ತಿದ್ದು ನನಗೆ ಗೊತ್ತಿರಲಿಲ್ಲ.

"ನೀನು ಹೆದರ್ತೀಯ ಅಂತ ಹೇಳಿಲ್ಲ ಅವ್ನು," ಎಂದ ನೀಲ್. "ಇಷ್ಬೆಲ್ ಮುಂದೆ ಸಣ್ಣ ಕೊಳವೆ ಮಾತ್ರ ಊದ್ತೀನಿ, ಅದಕ್ಕೆ ಅರ್ಧ ಉಸಿರು ಸಾಕು ಅಂದಿದ್ದ."

ಆಮೇಲೆ ಬೆಂಚಿನ ಮೇಲೆ ಕೂತು ಅವನೇ ಹೇಳಿದ. ಈಗ ಐದೇ ಜನ. ಈ ಜುಲೈಯಲ್ಲಿ ಸ್ಪರ್ಧೆಗೆ ಹೋಗದಿದ್ದರೆ ಪಟ್ಟಿಯಿಂದ ಬ್ಯಾಂಡಿನ ಹೆಸರು ತೆಗೆಯುತ್ತಾರೆ. ಡ್ರಮ್ಮುಗಳನ್ನು ಶಾಲೆಗೆ ಕೊಟ್ಟು ಮುಗಿಸುವುದು ಎಂದು ಮಾತಾಗಿದೆ.

ರೋರಿಯೂ ಬ್ಯಾಂಡೂ ಒಂದೇ ವರ್ಷ ಹೋಗುವುದು ನನಗೆ ಆಗದ ಮಾತು.

"ಬಿರಡೆ ಹಾಕಿ ರೆಡಿ ಇದೆ," ಎಂದೆ. "ನಾನು ನಿಲ್ತೀನಿ."

"ಬೆರಳು?"

ನೀಲ್‌ನ ತೋಳು ಎಳೆದುಕೊಂಡು ಅಲ್ಲೇ ನುಡಿಸಿದೆ. ಬ್ಯಾಂಡಿನವರು ಪ್ರತಿ ವರ್ಷ ಹಿಡಿಯುವ ಮೂರು ನಿಮಿಷದ ನಡೆ, ಹೆಜ್ಜೆ ಹಾಕುವ ಹಾಡು. ಅರ್ಧಕ್ಕೆ ನೀಲ್ ಕಣ್ಣು ಒರೆಸಿಕೊಂಡ, ಕಣ್ಣಿಗೆ ಹಿಟ್ಟು ಹೋಯಿತು ಎಂದ. ಬೇಕರಿಯವನಿಗೆ ಆ ಅನುಕೂಲ ಇದೆ.

ನಾಲ್ಕು ತಿಂಗಳು ಮೊರಾಗ್ ಅಂಗಡಿ ಮುಚ್ಚಿದ ಮೇಲೆ ಬಂದು ಕಲಿಸಿದಳು. "ಬೆರಳಾ ಇದು? ಸಾಸೇಜು. ನನ್ನ ಅಂಗಡೀಲಿ ಇದಕ್ಕಿಂತ ಚುರುಕಾಗಿರೋವು ನೇತಾಡ್ತವೆ," ಎನ್ನುವಳು. ಚೀಲ ಒಣಗಬಾರದೆಂದು ದಿನವೂ ಊದುತ್ತಿದ್ದೆ. ಸದ್ದಿಲ್ಲದೆ ಊದಿ ಊದಿ ಬೇಜಾರಾಗಿ ಮೇ ತಿಂಗಳಲ್ಲಿ ದೊಡ್ಡ ಶ್ರುತಿ ಕೊಳವೆಯ ಬಿರಡೆ ಒಂದನ್ನು ಕಿತ್ತೆ. ಟಿಬ್ ಮೇಜಿನ ಕೆಳಗೆ ಹೋಯಿತು. ಮೊದಲು ಹಸು ಕರು ಹಾಕುವ ಸದ್ದು. ಜೂನ್ ಹೊತ್ತಿಗೆ ಎಳೆದ ಹಗ್ಗದ ಹಾಗೆ ನೇರ ನಿಂತಿತು.

ಸ್ಪರ್ಧೆಯ ದಿನ ಬೆಳಿಗ್ಗೆ ತುಂತುರು. ರೋರಿ ಕುಳ್ಳ, ನಾನು ದಪ್ಪ. ಬ್ಯಾಂಡಿನ ಉಡುಗೆ ಕಿಲ್ಟು, ನಿರಿಗೆ ಲಂಗದಂಥದು; ಅವನದರ ಪಟ್ಟಿ ಕೊನೆಯ ತೂತಿಗೆ ಬಂತು. ಶ್ರುತಿ ಹೊಂದಿಸಲು ನೀಲ್ ಒಬ್ಬೊಬ್ಬರ ಹೆಗಲಿಗೆ ಕಿವಿ ಇಟ್ಟು ಬಂದ. ನನ್ನ ಹತ್ತಿರ ಬಂದು ನಿಂತುಬಿಟ್ಟ.

"ಇಷ್ಬೆಲ್, ಇದು ಕೂಗ್ತಾ ಇದೆ."

"ಒಂದೇ. ಇನ್ನೆರಡು ಮುಚ್ಚಿದೆ. ಬೆರಳಾಡಿಸೋ ಕೊಳವೆಯ ದಾರಾನೂ ಬಿಚ್ಚಿಲ್ಲ."

"ಕೊನೇಲಿ ಎಲ್ಲರ ಜೊತೆ ನಿಲ್ಲಿಸಕ್ಕೆ ಆಗದೆ ಹೋದ್ರೆ? ಒಬ್ಬಳದೇ ಉಳಿದ್ರೆ ಮೈದಾನಕ್ಕೆಲ್ಲ ಕೇಳುತ್ತೆ. ಬಿರಡೆ ಹಾಕು, ನನ್ನ ಮಾತು ಕೇಳು."

"ಅವನು ಎರಡು ವರ್ಷ ಸುಮ್ಮನೆ ನಿಂತಾಯ್ತಲ್ಲ ನೀಲ್. ನಮ್ಮನೆ ಪಾಲಿಂದು ಅಷ್ಟು ಸಾಕು."

ಮೊರಾಗ್ ಪಕ್ಕದಿಂದ, "ನನ್ನ ಎಡಗಿವಿ ರಜ ಮುಗೀತು," ಎಂದಳು. ಡ್ರಮ್ ಹೊಡೆತ ಬಿತ್ತು. ಹೊರಟೆವು.

ಮೂರು ನಿಮಿಷ ನಾನು ಏನನ್ನೂ ನೋಡಲಿಲ್ಲ, ನೀಲ್‌ನ ಬೂಟು ಒಂದು ಬಿಟ್ಟು. ಬೆರಳು ತನ್ನಷ್ಟಕ್ಕೆ ಹೋಯಿತು. ಚರ್ಮ ಮೆದುವಾಗಿರಲೆಂದು ಚೀಲದೊಳಗೆ ರೋರಿ ಸವರಿದ ಕಾಕಂಬಿಯ ವಾಸನೆ ಇನ್ನೂ ಇತ್ತು. ಕೊನೆಯ ಸ್ವರ ಬಂತು, ಎಲ್ಲರೂ ನಿಲ್ಲಿಸಿದರು. ನಾನೂ ತೋಳು ಸಡಿಲಿಸಿದೆ. ನನ್ನದು ನಿಲ್ಲಲಿಲ್ಲ. ನಿಶ್ಶಬ್ದದಲ್ಲಿ ಒಂದು ಸಲ, ಊಟವಾದ ಮೇಲೆ ಮುದುಕರು ಕುರ್ಚಿಯಿಂದ ಏಳುವಾಗ ನರಳುವ ಹಾಗೆ, ಹೂಂ ಎಂದು ನರಳಿ ನಿಂತಿತು. ತೀರ್ಪುಗಾರ ತಲೆ ಎತ್ತಿ ನೋಡಿ ಬರೆದುಕೊಂಡ.

ಏಳು ಬ್ಯಾಂಡಿನಲ್ಲಿ ಐದನೆಯವರಾದೆವು. ಹೆಸರು ಪಟ್ಟಿಯಲ್ಲಿ ಉಳಿಯಿತು. ಚಹಾದ ಡೇರೆಯಲ್ಲಿ ನೀಲ್ ಚೀಟಿ ಓದಿದ. "ನಡೆ ಚೆನ್ನ. ಕೊನೆಯಲ್ಲಿ ಒಂದು ಶ್ರುತಿ ತಡವಾಗಿ ನಿಂತಿತು."

ಯಾರೂ ನನ್ನ ಮುಖ ನೋಡಲಿಲ್ಲ. ಮೊರಾಗ್ ಮಾತ್ರ ಪೈ ಅಗಿಯುತ್ತ, "ಎರಡು ವರ್ಷದಲ್ಲಿ ನಿಮ್ಮನೆ ಮೇಲೆ ಬಂದ ಮೊದಲನೇ ದೂರು ಕಣೇ ಇದು," ಎಂದಳು. "ರೋರಿ ಒಂದು ತಪ್ಪೂ ಮಾಡ್ಲಿಲ್ಲ ಪಾಪ."

ನಗು ಹಿಡಿಯಲಾಗಲಿಲ್ಲ. ನೀಲ್‌ನ ಚಹಾ ಚೆಲ್ಲಿತು. ಫೆಬ್ರುವರಿಯಿಂದ ನಾನು ನಕ್ಕಿರಲಿಲ್ಲ. ನಗುತ್ತಲೇ ಅಳು ಬಂತು. ಅದನ್ನೂ ಯಾರೂ ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದರು. ಆ ವಿದ್ಯೆ ಅವರಿಗೆ ಬರುತ್ತದೆ.

ಆ ಚೀಟಿಗೂ ಚೌಕಟ್ಟು ಹಾಕಿಸಿದ್ದೇನೆ. ಅವನ ಚೀಟಿಯ ಪಕ್ಕ ಇದೆ. ಮೊನ್ನೆ ಎರಡನೆಯ ಬಿರಡೆ ಕಿತ್ತೆ. ನೀಲ್‌ಗೆ ಹೇಳಿಲ್ಲ. ಇದನ್ನು ಅಚ್ಚಿಗೆ ಕಳಿಸುವ ಮುಂಚೆ ಓದುತ್ತಾನಲ್ಲ, ತಿಳಿಯಲಿ.