ಅಮ್ಮನ ಅಳತೆಗೆ ಅಪ್ಪನ ಕಟ್ಟು

ನಮ್ಮ ಬೀದಿಯ ಮಿಯೆನ್ ಬಗ್ಗೆ ಯಾರಾದರೂ ನನ್ನೆದುರು ಹಗುರವಾಗಿ ಮಾತಾಡಿದರೆ ನಾನು ಸುಮ್ಮನೆ ಬಿಡುವವಳಲ್ಲ. ಈ ಹ್ವೇ ಊರಿನಲ್ಲಿ ಫೋಟೊಗೆ ಕಟ್ಟು ಹಾಕಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಗಾಜು ಕೊಯ್ದು, ನಾಲ್ಕು ಪಟ್ಟಿ ಕೂಡಿಸಿ ಮೊಳೆ ಹೊಡೆಯುವುದಕ್ಕೆ ಏನು ಮಹಾ ವಿದ್ಯೆ ಬೇಕು? ಆದರೆ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಧೂಪ ಹಚ್ಚುವ ಪೀಠದ ಮೇಲೆ ಇಡುವ ಫೋಟೊ ಅಂದರೆ ಜನ ಹೊಳೆಯಾಚೆಯಿಂದಲೂ ಇವಳನ್ನೇ ಹುಡುಕಿಕೊಂಡು ಬರುತ್ತಾರೆ. ಇವಳ ಅಂಗಡಿಯ ಎದುರಿಗೇ ನನ್ನದು. ಪುಟ್ಟ ಬಟ್ಟಲುಗಳಲ್ಲಿ ಅಕ್ಕಿಹಿಟ್ಟು ಬೇಯಿಸಿ, ಮೇಲೆ ಒಣ ಸಿಗಡಿ ಪುಡಿ ಉದುರಿಸಿ ಬಾನ್ ಬೆಯೋ ಮಾರುತ್ತೇನೆ. ಮಾರುವ ಹೊತ್ತಿಗಿಂತ ಅವಳ ಕೆಲಸ ನೋಡುತ್ತಾ ಕೂತ ಹೊತ್ತೇ ಹೆಚ್ಚು ಎಂದು ನನ್ನ ಗಂಡ ಗೊಣಗುತ್ತಾನೆ. ಗೊಣಗಲಿ.

ಅವಳ ಕೆಲಸದ ರೀತಿಯೇ ಬೇರೆ. ಚಿತ್ರಕ್ಕೂ ಮರದ ಪಟ್ಟಿಗೂ ನಡುವೆ ರಟ್ಟಿನ ಅಂಚು ಬಿಡುತ್ತಾರಲ್ಲ, ಅದಕ್ಕೆ ಮೌಂಟ್ ಅನ್ನುತ್ತಾರೆ. ಅದರ ಅಗಲ ಗೊತ್ತುಮಾಡಲು ಅವಳ ಹತ್ತಿರ ಮೂಲೆಯಾಕಾರದ ಎರಡು ರಟ್ಟುಗಳಿವೆ. ಅವನ್ನು ಫೋಟೊ ಸುತ್ತ ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ. ಆಮೇಲೆ ಅದನ್ನು ಅಂಗಡಿಯ ಎತ್ತರದ ಹಲಗೆಯ ಮೇಲೆ ನಿಲ್ಲಿಸಿ, ರಸ್ತೆ ದಾಟಿ ಬಂದು ನನ್ನ ಸ್ಟೂಲಿನ ಮೇಲೆ ಕೂತು ನೋಡುತ್ತಾಳೆ.

"ಮೂಗಿನ ಕೆಳಗೆ ಹಿಡ್ಕೊಂಡು ನೋಡಿದ್ರೆ ಎಲ್ಲಾನೂ ಚೆಂದಾನೇ ಅಕ್ಕ," ಅನ್ನುತ್ತಾಳೆ. "ಧೂಪ ಹಿಡ್ಕೊಂಡು ಕೆಳಗೆ ನಿಂತಿರ್ತಾರಲ್ಲ, ಅವರ ಕಣ್ಣಿಗೆ ಹೇಗೆ ಕಾಣುತ್ತೆ ಅನ್ನೋದು ಮುಖ್ಯ."

ಅದಕ್ಕೇ ಅವಳು ಕೆಳಗಿನ ಅಂಚನ್ನು ಯಾವಾಗಲೂ ಮೇಲಿನದಕ್ಕಿಂತ ಅಗಲ ಬಿಡುತ್ತಾಳೆ. ಸಮ ಬಿಟ್ಟರೆ ಮುಖ ಕೆಳಕ್ಕೆ ಜಾರಿದ ಹಾಗೆ ಕಾಣುತ್ತದಂತೆ. ಇಷ್ಟೆಲ್ಲ ಆದ ಮೇಲೆ ಶುಭ ಅಶುಭ ನೋಡುವ, ಕೆಂಪು ಕಪ್ಪು ಮನೆಗಳಿರುವ ಅಳತೆಪಟ್ಟಿ ಹೊರಬರುತ್ತದೆ. ಕಟ್ಟಿನ ಹೊರಗಿನ ಉದ್ದ, ಅಗಲ ಎರಡೂ ಕೆಂಪು ಮನೆಯಲ್ಲೇ ನಿಲ್ಲಬೇಕು. ಕಪ್ಪಿಗೆ ಬಿದ್ದರೆ ಫೋಟೊ ಇಡುವವರ ಮನೆತನಕ್ಕೆ ಒಳ್ಳೆಯದಲ್ಲ. ಮೌಂಟಿನ ಅಂಚನ್ನು ಕೂದಲೆಳೆಯಷ್ಟು ಹಿಗ್ಗಿಸಿಯಾದರೂ ಅವಳು ಕೆಂಪಿಗೆ ತರುತ್ತಾಳೆಯೇ ಹೊರತು, ಸತ್ತವರ ಮುಖಕ್ಕೆ ಕತ್ತರಿ ಹಾಕುವುದಿಲ್ಲ.

ಮೋಟರ್ ಬೈಕ್ ರಿಪೇರಿ ಮಾಡುವ ದೋನ್ ಬಂದದ್ದು ಅವನ ಅಮ್ಮನ ತಿಥಿಗೆ ಕೆಲವೇ ದಿನ ಇರುವಾಗ. ಅವನ ಅಪ್ಪ ಹೋದ ವರ್ಷ ತೀರಿಕೊಂಡಿದ್ದ. ಅಪ್ಪನ ದೊಡ್ಡ ಫೋಟೊಗೆ ಕಟ್ಟು ಹಾಕಿದ್ದೂ ಮಿಯೆನ್ನೇ. ಅಮ್ಮ ಮಾತ್ರ ಅವನು ತೊಟ್ಟಿಲಲ್ಲಿದ್ದಾಗಲೇ ಹೋದವಳು, ಆಮೇಲಿನ ನೆರೆಯಲ್ಲಿ ಮನೆಯ ಫೋಟೊಗಳೆಲ್ಲ ಕೊಚ್ಚಿಹೋದವು. ಉಳಿದದ್ದು ಅವಳ ಸಂತೆ ಅಂಗಡಿಯ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆರಳಗಲದ ಒಂದು ಫೋಟೊ, ಹೆಗಲ ಮೇಲೆ ಸೀಲಿನ ಗುರುತು ಬೇರೆ. ಯಾವನೋ ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ತಿದ್ದಿ ತೀಡಿ ಕೊಟ್ಟಿದ್ದ. ಆ ಮುಖ ನೋಡಿದ್ದವರಲ್ಲಿ ಉಳಿದಿರುವ ಒಂದೇ ಒಂದು ಜೀವ ಅಂದರೆ ದೋನನ ಸೋದರತ್ತೆ ತಾಮ್. ಅವಳು ಆ ಚಿತ್ರ ನೋಡಿ, "ಇವಳ್ಯಾರೋ, ಸೋಪಿನ ಜಾಹೀರಾತಿನೋಳು?" ಎಂದು ಗೋಡೆಗೆ ಮುಖ ಮಾಡಿ ಇಟ್ಟಿದ್ದಳಂತೆ.

"ಅಪ್ಪನ ಪಕ್ಕ ಅಮ್ಮ ಕೂರ್ಬೇಕು ಅಕ್ಕ," ಎಂದ ದೋನ್. "ಅಮ್ಮನೇ ಕೂರ್ಬೇಕು, ಬೇರೆ ಯಾರೋ ಅಲ್ಲ. ನಂಗೆ ಅವಳ ನೆನಪೇ ಇಲ್ಲ, ಈ ಚೂರು ಫೋಟೊ ಬಿಟ್ರೆ. ಆದ್ರೆ ಗಂಡ ಹೆಂಡ್ತಿ ಸಮಸಮ ಇಲ್ದೇ ಇದ್ರೆ ಧೂಪ ಹಚ್ಚಲ್ಲ ಅಂತ ಅತ್ತೆ ಹಟ ಹಿಡಿದಿದಾಳೆ."

ಮಿಯೆನ್ ಗುರುತಿನ ಚೀಟಿಯ ಆ ಫೋಟೊವನ್ನು ಮುಖ ಮಂಜಾಗದಷ್ಟೇ ಹಿಗ್ಗಿಸಿದಳು. ಬೆಂಕಿಪೊಟ್ಟಣದಷ್ಟಾಯಿತು, ಅಷ್ಟೇ. ಅಪ್ಪನ ಕಟ್ಟಿನಷ್ಟೇ ದೊಡ್ಡ ಕಟ್ಟು ಮಾಡಿ, ನಡುವೆ ಈ ಪುಟ್ಟ ಮುಖವಿಟ್ಟು, ಸುತ್ತ ಅಗಲವಾದ ಬಿಳಿ ಮೌಂಟ್ ಕೊಟ್ಟಳು. ನನಗೋ ನೋಡಿದ ಕೂಡಲೇ ಹಿಡಿಸಿತು. ಅಷ್ಟರಲ್ಲಿ ತಾಮ್ ಅತ್ತೆ ಕೋಲೂರಿಕೊಂಡು ಬಂದೇಬಿಟ್ಟಳು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ ಹುಡುಗಿ!" ಎಂದಳು. ಮಿಯೆನ್‌ಗೆ ಐವತ್ತು ದಾಟಿದೆ, ತಾಮ್‌ಗೆ ಅವಳಿನ್ನೂ ಹುಡುಗಿಯೇ. "ಅದೂ ಬಿಳಿ! ನನ್ನ ತಮ್ಮನ ಹೆಂಡ್ತಿಗೆ ಇನ್ನೂ ಸೂತಕ ಕಳೆದಿಲ್ವಾ? ಅವಳ ಸೂತಕಕ್ಕೆ ನಾವು ತಲೆಗೆ ಕಟ್ಟಿದ್ದ ಬಿಳಿ ಪಟ್ಟಿ ಸುಟ್ಟು ಎಷ್ಟು ಕಾಲ ಆಯ್ತು!"

ಮಿಯೆನ್ ನಾಲಿಗೆ ಕಚ್ಚಿಕೊಂಡಳು. ಆಗತಾನೇ ಒಂದು ಹೋಟೆಲಿನವರಿಗೆ ದೋಣಿ, ಸೇತುವೆಗಳ ಕಪ್ಪುಬಿಳುಪು ಫೋಟೊಗಳಿಗೆ ಬಿಳಿ ಮೌಂಟ್ ಹಾಕಿಕೊಟ್ಟಿದ್ದಳು, ಕಣ್ಣು ಅಲ್ಲೇ ಅಂಟಿಕೊಂಡಿತ್ತು. ದೋಣಿಗೆ ಬಿಳಿಯಾದರೇನು, ಹಳದಿಯಾದರೇನು? ಪೀಠದ ಮೇಲೆ ಕೂರುವ ತಾಯಿಗೆ ಹಾಗಾಗುತ್ತದೆಯೇ? ಕೂಡಲೇ ಕಟ್ಟು ಬಿಚ್ಚಿದಳು.

ಎರಡನೆಯ ಸಲ ಕಂದು ರೇಷ್ಮೆ ಹೊದಿಸಿದ ಮೌಂಟ್ ಬಂತು. ಮುಖವನ್ನು ನಡುವಿಗಿಂತ ತುಸು ಮೇಲಕ್ಕೆ ಏರಿಸಿದಳು, ಸುತ್ತ ತೆಳುವಾದ ಬಂಗಾರದ ಗೆರೆ ಎಳೆದಳು. ಅದೊಂದನ್ನೇ ಇಟ್ಟು ನೋಡಿದರೆ ಕಣ್ಣಿಗೆ ಕಟ್ಟುವ ಹಾಗಿತ್ತು. ಪಕ್ಕದಲ್ಲಿ ದೋನ್ ತಂದಿದ್ದ ಅಪ್ಪನ ಕಟ್ಟನ್ನು ಇಟ್ಟೆವೋ, ಕೆಟ್ಟಿತು! ಅಪ್ಪ ಜಗಲಿಯಲ್ಲಿ ಕೂತಿದ್ದಾನೆ, ಅಮ್ಮ ಬೀದಿಯ ತುದಿಯಲ್ಲೆಲ್ಲೋ ನಿಂತಿದ್ದಾಳೆ. ಮಿಯೆನ್ ನನ್ನ ಸ್ಟೂಲಿನ ಮೇಲೆ ಕೂತವಳು ಏಳಲೇ ಇಲ್ಲ. ನಾನು ಕೊಟ್ಟ ಬಾನ್ ಬೆಯೋ ಆರಿ ತಣ್ಣಗಾಯಿತು. ಕೊನೆಗೆ ದಡಬಡ ಎದ್ದು ರಸ್ತೆ ದಾಟಿ, ಆ ಮೂಲೆ ರಟ್ಟುಗಳನ್ನು ತೆಗೆದು ಅಪ್ಪನ ಫೋಟೊ ಮೇಲೆ ಇಟ್ಟಳು.

"ತಪ್ಪು ಅಮ್ಮನ ಕಟ್ಟಲ್ಲಿಲ್ಲ ಅಕ್ಕ, ಅಪ್ಪನ ಕಟ್ಟಲ್ಲಿದೆ," ಎಂದು ಅಲ್ಲಿಂದಲೇ ಕೂಗಿದಳು. "ಅವಳನ್ನ ದೊಡ್ಡದು ಮಾಡಿದ್ರೆ ಅವಳು ಅವಳಾಗಿ ಉಳಿಯಲ್ಲ. ಅವನನ್ನ ಚಿಕ್ಕದು ಮಾಡಿದ್ರೆ ಅವನ ಗಂಟೇನು ಹೋಗುತ್ತೆ?"

"ತಲೆ ನೆಟ್ಟಗಿದೆಯೇನೇ?" ಎಂದೆ ನಾನು. "ತನ್ನ ತಮ್ಮನ್ನ ಕುಗ್ಗಿಸಿದ್ದು ಕಂಡ್ರೆ ತಾಮ್ ನಿನ್ನ ಅಂಗಡಿಗೇ ಬೆಂಕಿ ಇಡ್ತಾಳೆ!"

ದೋನ್ ಸುದ್ದಿ ಕೇಳಿ ಕೈಯಲ್ಲಿದ್ದ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ನಿಂತ. ಆಮೇಲೆ, "ಅತ್ತೆ ನನ್ನ ಸಿಗಿದುಹಾಕ್ತಾಳೆ," ಎಂದ. "ಆದ್ರೂ ಮಾಡಿ ಅಕ್ಕ."

ತಿಥಿಯ ದಿನ ನಾನು ಬಾನ್ ಬೆಯೋ ಹೊತ್ತುಕೊಂಡು ಮಿಯೆನ್ ಜೊತೆ ದೋನನ ಮನೆಗೆ ಹೋದೆ. ಜಗಳ ನೋಡುವ ಆಸೆಗೆ ಹೋದಳು ಅಂತೀರಾ, ಅನ್ನಿ. ಪೀಠದ ಮೇಲೆ ಎರಡು ಕಟ್ಟು. ಒಂದೇ ಕಂದು, ಒಂದೇ ಗೆರೆ. ಗಲ್ಲದಿಂದ ಹಣೆಯವರೆಗೆ ಎರಡು ಮುಖವೂ ಒಂದೇ ಅಳತೆ, ಕಣ್ಣುಗಳು ಒಂದೇ ಎತ್ತರದಲ್ಲಿ. ನನ್ನ ಎದೆ ಉಬ್ಬಿಬಂತು. ಇದನ್ನು ಮಾಡಿದವಳು ನಮ್ಮ ಬೀದಿಯವಳು ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

ತಾಮ್ ಅತ್ತೆ ಧೂಪ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ನನ್ನ ತಮ್ಮ ಎಲ್ಲಿ?"

ಕೋಲನ್ನು ಪೀಠದ ಕಡೆಗೆ ಎತ್ತಿ ತೋರಿಸಿದಳು.

"ಮನೆ ಯಜಮಾನನ್ನ ಅಂಚೆಚೀಟಿ ಮಾಡಿಟ್ಟಿದೀಯಲ್ಲೇ ಮಿಯೆನ್!"

"ಇಬ್ರೂ ಸಮ ಇರ್ಬೇಕು ಅಂದ್ರಲ್ಲ ಅತ್ತೆ," ಎಂದಳು ಮಿಯೆನ್. "ಅಮ್ಮ ಇರೋದೇ ಇಷ್ಟು. ಇದಕ್ಕಿಂತ ಹಿಗ್ಗಿಸಿದ್ರೆ ಅವಳು ಸಿಗಲ್ಲ. ಅದಕ್ಕೇ ನಿಮ್ಮ ತಮ್ಮನ್ನ ಅವಳ ಹತ್ರ ಕರ್ಕೊಂಡು ಬಂದೆ."

ತಾಮ್ ಚೀಲದಿಂದ ತನ್ನದೇ ಅಳತೆಪಟ್ಟಿ ಹೊರತೆಗೆದಳು. ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು, ಗಟ್ಟಿಗಿತ್ತಿ. ಒಂದು ಕಟ್ಟು ಅಳೆದಳು, ಇನ್ನೊಂದು ಅಳೆದಳು. ಎರಡೂ ಕೆಂಪು ಮನೆಯಲ್ಲೇ ನಿಂತವು. ತಪ್ಪು ಹುಡುಕಲು ಮುಖಗಳನ್ನಾದರೂ ನೋಡಬೇಕಲ್ಲ? ಅವಳ ಕಣ್ಣು ಮೊದಲೇ ಮಂದ, ಇಷ್ಟು ಚಿಕ್ಕದು ದೂರಕ್ಕೆ ಕಾಣುವುದಿಲ್ಲ. ಕೋಲು ಬದಿಗಿಟ್ಟು, ಪೀಠದ ಅಂಚು ಹಿಡಿದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಾಗಿದಳು. ಬಾಗಿದವಳು ಹಾಗೆಯೇ ಇದ್ದಳು.

"ಇವಳೇ," ಎಂದಳು ಕೊನೆಗೆ. "ಅಯ್ಯೋ, ಇವಳೇ ಕಣೋ ದೋನ್. ಬೆಲೆ ಜಾಸ್ತಿ ಆಯ್ತು ಅಂದ್ರೆ ಗಿರಾಕಿನ ಹೀಗೇ ನೋಡ್ತಿದ್ಲು, ಒಂದು ಹುಬ್ಬು ಮೇಲೆ ಮಾಡಿ."

ದೋನನ ಬೆರಳು ಸದಾ ಮೇಲೆದ್ದೇ ಇರುವ ಅವನ ಒಂದು ಹುಬ್ಬಿಗೆ ಹೋಯಿತು. ಆ ಹುಬ್ಬು ತನಗೆ ಎಲ್ಲಿಂದ ಬಂತು ಎಂದು ಅವನಿಗೆ ಆವತ್ತು ಗೊತ್ತಾಯಿತು. ಅಷ್ಟು ದೊಡ್ಡ ಗಂಡಸು ನೆಲದ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ.

ತಾಮ್ ಧೂಪ ಹಚ್ಚಿದಳು. ಸತ್ತವರನ್ನು ತಿಥಿಯೂಟಕ್ಕೆ ಕರೆಯುವಾಗ ಮಾತ್ರ ಬಾಯಿಗೆ ಬರುವ ಹೆಸರು ಹಿಡಿದು ತಮ್ಮನ ಹೆಂಡತಿಯನ್ನು ಕರೆದಳು. "ಬಾರೇ, ಕೂತ್ಕೋ. ಅವನನ್ನೂ ಕೂರಿಸ್ಕೋ." ಇಷ್ಟು ವರ್ಷ ಖಾಲಿ ಜಾಗಕ್ಕೆ ಹೇಳುತ್ತಿದ್ದ ಮಾತನ್ನು ಈ ಸಲ ಮುಖ ನೋಡಿ ಹೇಳಿದಳು.

ಊಟವಾದ ಮೇಲೆ ತಾಮ್ ಅತ್ತೆ ಮಿಯೆನ್ ಕೈ ಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋದಳು. ಇನ್ನೇನು ಬೈಗುಳವೋ ಎಂದು ನಾನೂ ಹಿಂದೆಯೇ ಹೋದೆ.

"ನನ್ನ ಫೋಟೊ ದೊಡ್ಡದಾಗಿ ತೆಗೆಸಿ ಪೆಟ್ಟಿಗೆಯಲ್ಲಿ ಇಟ್ಕೊಂಡಿದೀನಿ," ಎಂದಳು ತಾಮ್. "ನಾಳೆ ತರ್ತೀನಿ, ಇಷ್ಟೇ ಚಿಕ್ಕದು ಮಾಡ್ಕೊಡು. ಬದುಕಿದ್ದಾಗ ದೂರ ನಿಂತೇ ಮಾತಾಡಿಸ್ತಾರೆ ನನ್ನ ಸೊಸೆಯಂದಿರು. ಸತ್ತ ಮೇಲಾದ್ರೂ ಹತ್ರ ಬಂದು ನೋಡ್ಲಿ."