ಬಿಚ್ಚದೆ ಉಳಿದ ಟಕ್ಕು

ನನ್ನ ಹಳೆಯ ಟ್ರಂಕಿನ ತಳದಲ್ಲಿ ಒಂದು ಹಸಿರು ಲಂಗವಿದೆ. ಅದರ ಅಂಚಿನ ಮೇಲ್ಗಡೆ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದ ಟಕ್ಕೊಂದು ನಿನ್ನೆಯವರೆಗೂ ಬಿಚ್ಚದೆ ಉಳಿದಿತ್ತು. ನಿಮಗೂ ನೆನಪಿರಬಹುದು, ಆ ಕಾಲದಲ್ಲಿ ಲಂಗ ಹೊಲಿಸುತ್ತಿದ್ದುದು ಹುಡುಗಿಯ ಇವತ್ತಿನ ಅಳತೆಗಲ್ಲ, ಮುಂದಿನ ಮೂರು ವರ್ಷದ ಅಳತೆಗೆ. ಹೆಚ್ಚಿನ ಬಟ್ಟೆಯನ್ನು ಟಕ್ಕುಗಳಲ್ಲಿ ಬಚ್ಚಿಟ್ಟು ಯುಗಾದಿಗೊಂದರಂತೆ ಬಿಚ್ಚುತ್ತಿದ್ದರು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಣ್ಣ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು.

ಅದನ್ನು ಹೊಲಿದವಳು ನನ್ನ ಸೋದರತ್ತೆ ಗಿರಿಜತ್ತೆ. ಹುಟ್ಟಿದ್ದು ಹೊನ್ನಾಳಿ, ಕೊಟ್ಟಿದ್ದು ನ್ಯಾಮತಿ, ಗಂಡ ಹೋದ ಮೇಲೆ ಮತ್ತೆ ಹೊನ್ನಾಳಿ; ಅವಳ ಭೂಗೋಳ ಇಷ್ಟೇ. ನಮ್ಮ ಪಡಸಾಲೆಯ ಹೊಲಿಗೆ ಯಂತ್ರವನ್ನು ಬೆಳಗಿನಿಂದ ಸಂಜೆಯವರೆಗೆ ತುಳಿದು, ದೀಪ ಹಚ್ಚುವ ಹೊತ್ತಿಗೆ ನನ್ನ ಮುಂದೆ ಕಾಲು ಚಾಚುತ್ತಿದ್ದಳು, ನಾನು ಒತ್ತುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಅಂಥದೊಂದು ಸಂಜೆ ಅವಳ ಬಲಗಾಲಿನ ಅಂಗಾಲಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ಕಪ್ಪು ಚುಕ್ಕೆಯನ್ನು ಮೊದಲು ನೋಡಿದವಳು ನಾನೇ. ಕಾಲಲ್ಲಿ ಮಚ್ಚೆ ಇದ್ದವರಿಗೆ ಊರೂರು ತಿರುಗುವ ಯೋಗ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಮಾತು. ನಾನು ಕುಣಿಯುತ್ತ ಮನೆಗೆಲ್ಲ ಸಾರಿದೆ. ಅವ್ವ ಅತ್ತೆಯ ಬಾಯಿಗೆ ಸಕ್ಕರೆ ಹಾಕಿದಳು.

"ಹಂಗಾದ್ರೆ ನಾನೂ ಊರು ನೋಡಾಕೆ ಹೋಗ್ತೀನಿ ಅನ್ನು! ಜಗಳೂರಿನ ತಂಗಿ ಮನೆಗಾದ್ರೂ ಕರ್ಕೊಂಡು ಹೋಗ್ಲಿ ಈ ಮಚ್ಚೆ," ಎಂದು ಅತ್ತೆ ನಕ್ಕಳು.

ಮಚ್ಚೆ ಹರಡಿತು. ನಾವು ಹೆದರಲಿಲ್ಲ, ಮಚ್ಚೆ ದೊಡ್ಡದಾದಷ್ಟೂ ಪ್ರಯಾಣ ದೂರದ್ದು ಎಂದು ಅವಳನ್ನು ರೇಗಿಸಿದೆವು. ಒಂದು ವರ್ಷ ಹೀಗೆ ನಗುವುದರಲ್ಲೇ ಕಳೆಯಿತು. ಡಾಕ್ಟರಿಗೆ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಚುಕ್ಕೆ ಒಡೆದು ಯಂತ್ರದ ಪೆಡಲಿಗೆ ರಕ್ತ ಹತ್ತಿದ ಮೇಲೆ ದಾವಣಗೆರೆ, ಶಿವಮೊಗ್ಗ, ಮತ್ತೆ ದಾವಣಗೆರೆ ಎಂದು ಬಸ್ಸುಗಳಲ್ಲಿ ಅಲೆದೆವು. ಚರ್ಮದ ಕ್ಯಾನ್ಸರ್ ಎಂದರು. ಕೊಯ್ದು ತೆಗೆದರು, ಅಷ್ಟರಲ್ಲಿ ಅದು ತೊಡೆಯ ಸಂದಿಯ ಗಂಟಿಗೆ ಏರಿತ್ತು. ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ಅತ್ತೆ, "ನೋಡವ್ವಾ, ನಿನ್ನ ಮಚ್ಚೆ ಸುಳ್ಳು ಹೇಳ್ಲಿಲ್ಲ, ಎಷ್ಟು ತಿರುಗಾಡಿಸ್ತು!" ಎಂದಳು. ಅವಳು ನಗುತ್ತಿದ್ದಳು, ನನಗೆ ಆಗಲಿಲ್ಲ.

ಕೊನೆಯ ಭೇಟಿಯಲ್ಲಿ ಅವಳು ಡಾಕ್ಟರನ್ನು ಕೇಳಿದಳು: "ಇಷ್ಟು ವರ್ಷ ನೆಟ್ಟಗಿದ್ದ ಚರ್ಮಕ್ಕೆ ಈಗೇನಾತ್ರೀ? ಎಲ್ಲಿ ನಿಲ್ಲಬೇಕು ಅನ್ನೋದು ಮರ್ತೋತಾ?"

"ಗೊತ್ತಿಲ್ಲಮ್ಮಾ," ಎಂದರು ಆ ಪ್ರಾಮಾಣಿಕ ಮನುಷ್ಯ. ಮನೆಗೆ ಬಂದವಳೇ ಎಡಗಾಲೊಂದರಲ್ಲೇ ಪೆಡಲು ತುಳಿದು ಈ ಹಸಿರು ಲಂಗ ಮುಗಿಸಿದಳು. ಮುಂದಿನ ಯುಗಾದಿಗೆ ಅವಳಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಚನ್ನಗಿರಿಯಲ್ಲಿ ಜೀವಶಾಸ್ತ್ರದ ಮೇಡಂ ಆಗಿದ್ದೆ. ಒಂದು ಮಧ್ಯಾಹ್ನ ಕಾಲೇಜಿನ ಲೈಬ್ರರಿಯಲ್ಲಿ ಯಾವುದೋ ಪತ್ರಿಕೆ ತಿರುವುತ್ತಿದ್ದವಳು ಒಂದು ಲೇಖನ ಓದಿ, ಗಂಟೆ ಹೊಡೆದದ್ದೂ ಕೇಳದೆ ಕುಳಿತುಬಿಟ್ಟೆ. ನಮ್ಮ ಒಂದೊಂದು ಜೀವಕೋಶದಲ್ಲೂ ಇಡೀ ದೇಹದ ಬಟ್ಟೆಯಿದೆಯಂತೆ, ಜೀನುಗಳ ಒಂದು ಪೂರ್ತಿ ಥಾನು; ಅಂಗಾಲಿಗೆ ಅಂಗಾಲಿನಷ್ಟೇ, ಕಣ್ಣಿಗೆ ಕಣ್ಣಿನಷ್ಟೇ ಬಿಚ್ಚಿಟ್ಟು, ಉಳಿದದ್ದನ್ನು ದೇಹ ಕಣ್ಣಿಗೆ ಕಾಣದ ರಾಸಾಯನಿಕ ಹೊಲಿಗೆ ಹಾಕಿ ಮಡಚಿಡುತ್ತದಂತೆ. ಎಲ್ಲೋ ಹೊಲಿಗೆ ತಪ್ಪಿ, 'ಸಾಕು, ಇನ್ನು ನಿಲ್ಲು' ಎಂದು ಹೇಳಬೇಕಾದ ಜೀನೇ ಮಡಿಕೆಯೊಳಗೆ ಸಿಕ್ಕಿಕೊಂಡರೆ ಕೋಶಕ್ಕೆ ಲಂಗುಲಗಾಮಿಲ್ಲ. ಆ ಹೊಲಿಗೆಯನ್ನು ಬಿಚ್ಚಬಲ್ಲ ರಾಸಾಯನಿಕವೂ ಇದೆ ಎಂದು ಲೇಖನ ಹೇಳುತ್ತಿತ್ತು. ಕತ್ತರಿಸುವುದಲ್ಲ, ಸುಡುವುದಲ್ಲ, ಬಿಚ್ಚುವುದು! ಈ ಕುಶಲಕರ್ಮಿ ಯಾರು, ನಾವು ಹುಟ್ಟುವ ಮೊದಲೇ ನಮ್ಮೊಳಗೆ ಕುಳಿತು ಲೆಕ್ಕವಿಲ್ಲದಷ್ಟು ಟಕ್ಕು ಹಿಡಿದವರು?

ಇವತ್ತು ಅಂಥ ಔಷಧಿಗಳು ಕೆಲವು ರಕ್ತದ ಕಾಯಿಲೆಗಳಿಗೆ, ಚರ್ಮದಲ್ಲಿ ಕಾಣಿಸುವ ಒಂದು ಬಗೆಯ ಲಿಂಫೋಮಾಕ್ಕೆ ಬಳಕೆಯಲ್ಲಿವೆ. ಅತ್ತೆಗೆ ಬಂದಂಥ ಕಪ್ಪು ಮಚ್ಚೆಯ ಕ್ಯಾನ್ಸರಿಗೆ ಅವುಗಳ ಪರೀಕ್ಷೆ ಇನ್ನೂ ನಡೆಯುತ್ತಿದೆ. ಟಕ್ಕು ಬಿಚ್ಚುವ ಬ್ಲೇಡಿನಂತೆ ಔಷಧಿಯೂ ಜಾರಿದರೆ ಬಿಚ್ಚಬಾರದ ಹೊಲಿಗೆಯೂ ಬಿಚ್ಚೀತು. ಕೆಲವರಲ್ಲಿ ಬಟ್ಟೆಯೇ, ಅಂದರೆ ಜೀನೇ ಹರಿದಿರುತ್ತದೆ, ಆಗ ಬಿಚ್ಚಿಯೂ ಪ್ರಯೋಜನವಿಲ್ಲ. ಅತ್ತೆಯದು ಯಾವುದಿತ್ತೋ ನಾನರಿಯೆ.

ಟಕ್ಕು ಬಿಚ್ಚುವುದು ಯಾವಾಗಲೂ ಅವಳ ಕೆಲಸವಾಗಿತ್ತು, ಅದಕ್ಕೇ ಈ ಲಂಗವನ್ನು ನಾನು ಮುಟ್ಟಿರಲಿಲ್ಲ. ನಿನ್ನೆ ಅವಳ ಹಾಗೆ ಅರ್ಧ ಬ್ಲೇಡು ಹಿಡಿದು, ಚಕ್ಕಳಮಕ್ಕಳ ಹಾಕಿ ಕುಳಿತೆ. ಒಂದೊಂದೇ ಹೊಲಿಗೆ ಕಡಿದು ದಾರ ಎಳೆದಾಗ ನಲವತ್ತು ವರ್ಷಕ್ಕೂ ಮೀರಿ ಕತ್ತಲಲ್ಲಿದ್ದ ಹಸಿರು ಒಂದಿಷ್ಟೂ ಮಾಸದೆ ಹೊರಗೆ ಬಂತು. ಅಂಗೈಯಿಂದ ಅದನ್ನು ಸವರುತ್ತ, ಖಾಲಿ ಕೋಣೆಯಲ್ಲಿ ಗಟ್ಟಿಯಾಗಿಯೇ ಹೇಳಿದೆ: "ನಿನ್ನ ಚರ್ಮ ಮರ್ತಿರ್ಲಿಕ್ಕಿಲ್ಲ ಅತ್ತೆ, ನಿಲ್ಲೋದು ಒಳಗೇ ಇತ್ತೇನೋ. ಬಿಚ್ಚಾಕೆ ನಮಗೆ ಬರ್ತಿರ್ಲಿಲ್ಲ."